ಏಪ್ರಿಲ್ ಬಿಸಿಲಿನಲ್ಲಿ ಓವರ್‌ಕ್ಲಾಕ್: ಬೋರ್ಡ್ ಬದಲಿಸುವ ಮೊದಲು ಕೂಲರ್ ಬಿಚ್ಚಿ ನೋಡಿ

ಪ್ರಶ್ನೆ: ನಮಸ್ಕಾರ್ರೀ ಸರ್. ನಾನು ಗದಗ-ಬೆಟಗೇರಿಯೊಳಗ ಮದುವಿ ವಿಡಿಯೊ ಎಡಿಟಿಂಗ್ ಮಾಡ್ತೀನಿ. ಇಂಟೆಲ್ ಐ5-12600ಕೆ ಪ್ರೊಸೆಸರ್, ಬಿ660 ಮದರ್‌ಬೋರ್ಡ್, 32 ಜಿಬಿ ಡಿಡಿಆರ್4 ರ‍್ಯಾಮ್, ಆರ್‌ಟಿಎಕ್ಸ್ 3060 ಕಾರ್ಡ್ ಹಾಕಿ ಮಷಿನ್ ಮಾಡಿಸೀನಿ. ಕೂಲರ್ ಮಾತ್ರ ಹಳೇ ಆರನೇ ಜನರೇಶನ್ ಮಷಿನ್‌ದು. ಚಲೋ ಐತಿ ಅಂತ ಅದನ್ನ ಕೂಡಿಸಿದ್ರು. ಡಿಸೆಂಬರ್‌ನ್ಯಾಗ ಎಕ್ಸ್‌ಪೋರ್ಟ್ ಹಚ್ಚಿದ್ರ 83 ಡಿಗ್ರಿ ಇರ್ತಿತ್ತು, ಈಗ 100 ಮುಟ್ಟಿ ಸ್ಪೀಡ್ 4.5ರಿಂದ 3.8 ಗಿಗಾಹರ್ಟ್ಜ್‌ಗೆ ಇಳೀತೈತಿ. ಸೋನಿ ಕ್ಯಾಮೆರಾದ 10 ಬಿಟ್ ಫೈಲ್ ಟೈಮ್‌ಲೈನ್‌ನ್ಯಾಗ ಹಾಕಿದ್ರ ತಡೆದು ತಡೆದು ಓಡ್ತಾವ. ಓವರ್‌ಕ್ಲಾಕ್ (ಕಂಪನಿ ಇಟ್ಟದ್ದಕ್ಕಿಂತ ಪ್ರೊಸೆಸರ್ ಸ್ಪೀಡ್ ಏರಿಸೋದು) ಮಾಡಬೇಕಂತ ಬಯೋಸ್‌ನ್ಯಾಗ (ಬೋರ್ಡಿನ ಸೆಟ್ಟಿಂಗ್ ಪುಟ) ಹುಡುಕಿದ್ರ ಆ ಆಪ್ಶನ್ನೇ ಇಲ್ಲ. ಹುಬ್ಬಳ್ಳಿಯೊಳಗ ಒಂದು ಅಂಗಡಿಯವರು ಝಡ್690 ಬೋರ್ಡ್, 240 ಲಿಕ್ವಿಡ್ ಕೂಲರ್ ಹಾಕಿಸ್ರಿ, 5 ಗಿಗಾಹರ್ಟ್ಜ್ ಆರಾಮ ಹತ್ತತೈತಿ ಅಂತ 32 ಸಾವಿರ ಹೇಳ್ಯಾರ. ಕರೆಂಟ್ ಹೋದ್ರ 600 ವಿಎ ಯುಪಿಎಸ್ ಬೇರೆ ಕೂಗಿ ಬಂದ್ ಆಗತೈತಿ. ಹಾಕಿಸಲೇನ್ರಿ?

ಉತ್ತರ: ಸದ್ಯಕ್ಕೆ ಆ 32 ಸಾವಿರ ನಿಮ್ಮ ಕಿಸೆಯಲ್ಲೇ ಇರಲಿ. ನೀವು ಬರೆದದ್ದರಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳಿವೆ: ಬಿಸಿ, ವೇಗ, ತಡವರಿಸುವ ಟೈಮ್‌ಲೈನ್, ಯುಪಿಎಸ್. ಅಂಗಡಿಯವರು ನಾಲ್ಕಕ್ಕೂ ಸೇರಿಸಿ ಒಂದೇ ಔಷಧ ಬರೆದುಕೊಟ್ಟಿದ್ದಾರೆ. ಅದರಿಂದ ಮೊದಲನೆಯದಕ್ಕೆ ಅರ್ಧ ಗುಣ ಸಿಕ್ಕೀತು, ಎರಡನೆಯದಕ್ಕೆ ಚೂರು, ಮೂರನೆಯದಕ್ಕೆ ಏನೇನೂ ಇಲ್ಲ. ನಾಲ್ಕನೆಯದು ಇನ್ನೂ ಕೆಡುತ್ತದೆ.

ಬಿಸಿಯಿಂದಲೇ ಶುರು ಮಾಡೋಣ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಡಿಸೆಂಬರ್‌ನಲ್ಲಿ ನಿಮ್ಮ ಕೋಣೆ 25 ಡಿಗ್ರಿ ಇತ್ತು ಅಂದುಕೊಳ್ಳಿ. ಪ್ರೊಸೆಸರ್ 83ಕ್ಕೆ ನಿಂತಿತ್ತು. ಅಂದರೆ ನಿಮ್ಮ ಕೂಲರ್, ಕೋಣೆಯ ಗಾಳಿಗಿಂತ 58 ಡಿಗ್ರಿ ಮೇಲೆ ಪ್ರೊಸೆಸರನ್ನು ಹಿಡಿದಿಡುತ್ತಿದೆ. ಕೆಲಸ ಅಷ್ಟೇ ಇದ್ದರೆ, ವಿದ್ಯುತ್ ಅಷ್ಟೇ ಹರಿದರೆ, ಈ 58 ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬದಲಾಗುವುದು ಕೆಳಗಿನ ಅಂಕಿ ಮಾತ್ರ. ಏಪ್ರಿಲ್ ಮಧ್ಯಾಹ್ನ ಗದಗಿನಲ್ಲಿ ಹೊರಗೆ 38ರ ಸುತ್ತ ಇರುತ್ತದೆ, ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆಯಲ್ಲಿ 37 ಇದ್ದರೆ ಆಶ್ಚರ್ಯವಿಲ್ಲ. 37ಕ್ಕೆ 58 ಕೂಡಿಸಿದರೆ 95 ಬಂತು. ಇನ್ನು ಐದು ಡಿಗ್ರಿ ಧೂಳಿನದು. 12600ಕೆಗೆ ಇಂಟೆಲ್ ಇಟ್ಟ ಗರಿಷ್ಠ ಮಿತಿ 100 ಡಿಗ್ರಿ. ಅದನ್ನು ಮುಟ್ಟಿದ ಕೂಡಲೇ ಪ್ರೊಸೆಸರ್ ತನ್ನನ್ನು ಕಾಯ್ದುಕೊಳ್ಳಲು ವೇಗ ಇಳಿಸುತ್ತದೆ. ನೀವು ಕಂಡ 3.8 ಅದೇ. ಚಿಪ್ ಕೆಟ್ಟಿಲ್ಲ, ಹೆದರಬೇಡಿ.

ನಿಮ್ಮ ಕಸುಬಿನಲ್ಲಿ ಇನ್ನೊಂದು ಗಂಟಿದೆ. ಬಸವ ಜಯಂತಿಯ ಹಿಂದೆ ಮುಂದೆ ನಮ್ಮ ಕಡೆ ಮದುವೆಗಳ ಸುಗ್ಗಿ. ಅಂದರೆ ಮಷಿನ್‌ಗೆ ಅತಿ ಹೆಚ್ಚು ಕೆಲಸ ಬೀಳುವುದೂ ವರ್ಷದ ಅತಿ ಸುಡು ದಿನಗಳಲ್ಲೇ. ಯೂಟ್ಯೂಬ್‌ನಲ್ಲಿ ಕೂಲರ್ ಪರೀಕ್ಷೆ ಮಾಡುವವರು ಬಹುತೇಕ 20-25 ಡಿಗ್ರಿಯ ಎಸಿ ಕೋಣೆಯಲ್ಲಿ ಕೂತಿರುತ್ತಾರೆ. ಅವರ ಅಂಕಿಗೆ ಹನ್ನೆರಡರಿಂದ ಹದಿನೇಳು ಕೂಡಿಸಿಕೊಂಡು ಓದಿ. ಅಲ್ಲಿ 85 ತೋರಿಸಿದ ಓವರ್‌ಕ್ಲಾಕ್ ಇಲ್ಲಿ ನಿಲ್ಲುವುದಿಲ್ಲ.

ಆದರೂ 58 ಡಿಗ್ರಿಯ ಏರಿಕೆ ಈ ಪ್ರೊಸೆಸರ್‌ಗೆ ಜಾಸ್ತಿಯಾಯಿತು. 12600ಕೆಯ ಮೂಲ ವಿದ್ಯುತ್ ಮಿತಿ 125 ವಾಟ್, ಟರ್ಬೊದಲ್ಲಿ 150 ವಾಟ್. ಒಂದು ಸಾಧಾರಣ ನಾಲ್ಕು ಪೈಪಿನ ಟವರ್ ಕೂಲರ್ ಕೂಡ 125 ವಾಟ್‌ನಲ್ಲಿ 45-50ರ ಏರಿಕೆಯೊಳಗೆ ಹಿಡಿಯಬೇಕು. ಹಾಗಾಗಿ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ಹಳೇ ಆರನೇ ಜನರೇಶನ್ ಮಷಿನ್‌ದು" ಎಂಬ ಮಾತಿನ ಮೇಲೆ.

ಆರನೇ ಜನರೇಶನ್ನಿನ ಬೋರ್ಡ್‌ನಲ್ಲಿ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಸುತ್ತಲಿನ ಕೂಲರ್ ತೂತುಗಳ ನಡುವಿನ ಅಂತರ 75 ಮಿಲಿಮೀಟರ್. 12ನೇ ಜನರೇಶನ್ ಜೊತೆ 2021ರ ಕೊನೆಗೆ ಬಂದ ಎಲ್‌ಜಿಎ 1700 ಸಾಕೆಟ್‌ನಲ್ಲಿ ಅದು 78 ಮಿಲಿಮೀಟರ್. ಹಾಗಿದ್ದರೆ ಹಳೆಯ ಕೂಲರ್ ಹೇಗೆ ಕೂತಿತು? ಕೆಲವು ಬೋರ್ಡ್ ಕಂಪನಿಗಳು ಗಿರಾಕಿಗೆ ಅನುಕೂಲವಾಗಲಿ ಅಂತ ಎರಡೂ ಅಳತೆಯ ತೂತು ಕೊಟ್ಟಿದ್ದವು. ತೂತು ಹೊಂದಿದರೂ ಎತ್ತರ ಹೊಂದುವುದಿಲ್ಲ. ಹೊಸ ಸಾಕೆಟ್‌ನಲ್ಲಿ ಪ್ರೊಸೆಸರಿನ ತಲೆ ಹಳೆಯದಕ್ಕಿಂತ ಸುಮಾರು ಒಂದು ಮಿಲಿಮೀಟರ್‌ನಷ್ಟು ಕೆಳಗೆ ಕೂರುತ್ತದೆ. ಹಳೆಯ ಕ್ಲಾಂಪಿನ ಸ್ಪ್ರಿಂಗ್ ಅಷ್ಟು ಕೆಳಗೆ ಒತ್ತುವುದಿಲ್ಲ. ಸ್ಕ್ರೂ ಪೂರ್ತಿ ಬಿಗಿಯಾದಂತೆ ಕಂಡರೂ ಕೂಲರ್ ಮೇಲ್ಮೇಲೆ ಕೂತಿರುತ್ತದೆ. ತಿಳಿಯದವರು ಮೇಲೆ ಇನ್ನಷ್ಟು ಥರ್ಮಲ್ ಪೇಸ್ಟ್ (ಪ್ರೊಸೆಸರಿನಿಂದ ಕೂಲರಿಗೆ ಬಿಸಿ ದಾಟಿಸುವ ಲೇಪ) ಹಾಕುತ್ತಾರೆ, ದಪ್ಪ ಪೇಸ್ಟ್ ಬಿಸಿಯನ್ನು ಇನ್ನೂ ತಡೆಯುತ್ತದೆ.

ಇದನ್ನು ಕಣ್ಣಿಂದ ನೋಡಿ ತೀರ್ಮಾನಿಸಬಹುದು. ಮೊದಲು ಹತ್ತು ನಿಮಿಷ ಏನಾದರೂ ಕೆಲಸ ಕೊಟ್ಟು ಪ್ರೊಸೆಸರ್ ಬಿಸಿ ಮಾಡಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಪ್ಲಗ್ ಕಿತ್ತು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುವುತ್ತಾ ಎತ್ತಿ. ಅಡಿಭಾಗ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಸರಿಯಾಗಿ ಕೂತ ಕೂಲರಿನ ಪೇಸ್ಟ್ ಗುರುತು ತೆಳ್ಳಗೆ, ಸಮನಾಗಿ, ಒಳಗಿನ ತಾಮ್ರ ಮಸುಕಾಗಿ ಕಾಣುವ ಹಾಗೆ ಇರುತ್ತದೆ. ಒಂದು ಮೂಲೆಯಲ್ಲಿ ಪೇಸ್ಟ್ ದಪ್ಪಗೆ, ಹಾಕಿದಾಗಿನ ಏಣುಗಳ ಸಮೇತ ಉಳಿದಿದ್ದರೆ ಆ ಜಾಗ ಪ್ರೊಸೆಸರನ್ನು ಸರಿಯಾಗಿ ಒತ್ತಿಲ್ಲ ಎಂದರ್ಥ. ಇಂಥ ಗುರುತನ್ನು ನಾನು ಹುಬ್ಬಳ್ಳಿಯಲ್ಲಿ ಬಿಚ್ಚಿದ ಮಷಿನ್‌ಗಳಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಹಳೆಯ ಕೂಲರ್ ಹೊಸ ಸಾಕೆಟ್ ಮೇಲೆ ಕೂಡಿಸಿದಲ್ಲೇ ಅದು ಹೆಚ್ಚು.

ನಿಮ್ಮ ಕೂಲರ್ ಮಾಡಿದ ಕಂಪನಿ ಎಲ್‌ಜಿಎ 1700ಕ್ಕೆ ಬೇರೆ ಬ್ರ್ಯಾಕೆಟ್ ಕೊಡುತ್ತದೆಯೇ ವಿಚಾರಿಸಿ, ಎಷ್ಟೋ ಕಂಪನಿಗಳು ಕೊಡುತ್ತವೆ. ಸಿಗದಿದ್ದರೆ ಹೊಸ ಟವರ್ ಕೂಲರ್ ತೆಗೆದುಕೊಳ್ಳಿ. ಡೀಪ್‌ಕೂಲ್ ಎಕೆ400 ಥರದ ಒಂದು ಟವರಿನದು ನಿಮ್ಮ ಪ್ರೊಸೆಸರ್‌ಗೆ ಸಾಕು. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120ರಂಥ ಎರಡು ಟವರಿನದಾದರೆ ನಿಶ್ಚಿಂತೆ. ಕೊಳ್ಳುವ ಮೊದಲು ಕ್ಯಾಬಿನೆಟ್ ಅಗಲ ನೋಡಿಕೊಳ್ಳಿ: ಈ ಕೂಲರ್‌ಗಳು 155 ಮಿಲಿಮೀಟರ್, ಅದಕ್ಕೂ ಎತ್ತರ ಇರುತ್ತವೆ, ಸಣ್ಣ ಕ್ಯಾಬಿನೆಟ್‌ನಲ್ಲಿ ಪಕ್ಕದ ಗಾಜು ಮುಚ್ಚುವುದಿಲ್ಲ. ಮೊದಲ ರ‍್ಯಾಮ್ ಸ್ಲಾಟಿಗೆ ಫ್ಯಾನ್ ತಾಗುತ್ತದೆಯೇ ಎಂಬುದನ್ನೂ ಅಳೆದು ನೋಡಿ.

ಎಲ್‌ಜಿಎ 1700ರದು ಇನ್ನೊಂದು ಕುಂದಿದೆ, ಚಿಕ್ಕದು. ಉದ್ದನೆಯ ಪ್ರೊಸೆಸರನ್ನು ಸಾಕೆಟ್ಟಿನ ಕ್ಲಿಪ್ ನಡುವಿನಲ್ಲಿ ಮಾತ್ರ ಒತ್ತುವುದರಿಂದ ಮೇಲಿನ ಲೋಹದ ಮುಚ್ಚಳ ಕೂದಲೆಳೆಯಷ್ಟು ಬಾಗುತ್ತದೆ. ಅದನ್ನು ತಪ್ಪಿಸಲು ಕಾಂಟ್ಯಾಕ್ಟ್ ಫ್ರೇಮ್ ಎಂಬ ಅಲ್ಯೂಮಿನಿಯಂ ಚೌಕಟ್ಟು ಸಿಗುತ್ತದೆ, ಕೆಲವು ಡಿಗ್ರಿ ಇಳಿಯುತ್ತದೆ. ಅದನ್ನು ಅತಿಯಾಗಿ ಬಿಗಿ ಮಾಡಿದರೆ ರ‍್ಯಾಮ್ ಗುರುತಿಸದೆ ಸ್ಕ್ರೀನೇ ಬರದಿರಬಹುದು. ಅನುಭವ ಇದ್ದವರ ಕೈಯಲ್ಲಿ ಹಾಕಿಸುವುದಾದರೆ ಮಾತ್ರ ಹಾಕಿಸಿ.

ಈಗ ಧೂಳು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ನಿಮ್ಮ ಕಡೆ ಎರೆ. ಎರೆ ಮಣ್ಣಿನ ಧೂಳು ಬೇಸಿಗೆಯಲ್ಲಿ ಹಿಟ್ಟಿನಷ್ಟು ನಯ. ಬೆಟಗೇರಿಯ ಮಗ್ಗದ ಓಣಿಗಳ ಹತ್ತಿರವಾದರೆ ನೂಲಿನ ಎಳೆಯೂ ಸೇರುತ್ತದೆ. ಎಳೆ ಮೊದಲು ಕೂಲರಿನ ರೆಕ್ಕೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಮಣ್ಣು ಅದಕ್ಕೆ ಅಂಟುತ್ತಾ ಹೋಗಿ ಫ್ಯಾನಿಗೂ ರೆಕ್ಕೆಗೂ ನಡುವೆ ಕಂಬಳಿ ಹೊದೆಸಿದಂತೆ ಒಂದು ಪದರ ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಫ್ಯಾನ್ ಸ್ವಚ್ಛ, ಗಾಳಿಯೂ ಬರುತ್ತಿದೆ ಅನಿಸುತ್ತದೆ. ಫ್ಯಾನ್ ಕ್ಲಿಪ್ ಬಿಚ್ಚಿ ಆ ಕಡೆ ತೆಗೆದರೇ ಆ ಪದರ ಕಾಣುವುದು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕ್ಯಾಬಿನೆಟ್ ಮುಂಭಾಗ ಗಾಜಿನದೋ ಜಾಲರಿಯದೋ ನೀವು ಬರೆದಿಲ್ಲ. ಅದಕ್ಕೆ ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಎಕ್ಸ್‌ಪೋರ್ಟ್ ಹಚ್ಚಿ ಹದಿನೈದು ನಿಮಿಷದ ನಂತರ ಉಷ್ಣತೆ ಬರೆದುಕೊಳ್ಳಿ. ಆಮೇಲೆ ಪಕ್ಕದ ಬಾಗಿಲು ತೆಗೆದು ಅದೇ ಫೈಲನ್ನು ಮತ್ತೆ ಓಡಿಸಿ. ಎರಡು-ಮೂರು ಡಿಗ್ರಿ ಇಳಿದರೆ ಕ್ಯಾಬಿನೆಟ್ ತಪ್ಪಿಲ್ಲ. ಎಂಟು-ಹತ್ತು ಇಳಿದರೆ ಒಳಗೆ ಗಾಳಿ ಆಡುತ್ತಿಲ್ಲ, ಗ್ರಾಫಿಕ್ಸ್ ಕಾರ್ಡ್ ಕಾರಿದ ಬಿಸಿಯನ್ನೇ ಪ್ರೊಸೆಸರ್ ಮತ್ತೆ ಉಸಿರಾಡುತ್ತಿದೆ. ಆಗ ಮುಂದೆ ಜಾಲರಿ ಇರುವ ಕ್ಯಾಬಿನೆಟ್‌ಗೆ ಬದಲಿಸಿ, ಮುಂದಿನಿಂದ ಎರಡು ಫ್ಯಾನ್ ಒಳಕ್ಕೆ, ಹಿಂದಿನಿಂದ ಒಂದು ಹೊರಕ್ಕೆ. ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಹೆಚ್ಚಿದ್ದರೆ ಧೂಳು ಫಿಲ್ಟರಿನಲ್ಲೇ ನಿಲ್ಲುತ್ತದೆ, ಸಂದಿಗೊಂದಿಯಿಂದ ನುಗ್ಗುವುದಿಲ್ಲ. ಫಿಲ್ಟರನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಲಿಕ್ವಿಡ್ ಕೂಲರ್ ಬಗ್ಗೆ ಜನರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ: ನೀರು ಅಂದಮೇಲೆ ತಂಪು. ಒಳಗಿನ ದ್ರವ ಬಿಸಿಯನ್ನು ಪ್ರೊಸೆಸರಿನಿಂದ ರೇಡಿಯೇಟರಿಗೆ ಒಯ್ಯುತ್ತದೆ ಅಷ್ಟೇ. ಅಲ್ಲಿ ಅದನ್ನು ಆರಿಸುವುದು ಅದೇ 37 ಡಿಗ್ರಿಯ ಕೋಣೆಯ ಗಾಳಿ. ಕೋಣೆಗಿಂತ ಒಂದು ಡಿಗ್ರಿಯೂ ಕೆಳಗೆ ಅದು ಇಳಿಸಲಾರದು. 250 ವಾಟ್ ದಾಟಿ ಎಳೆಯುವ ಐ9ಗೆ ದೊಡ್ಡ ರೇಡಿಯೇಟರ್ ನಿಜಕ್ಕೂ ಬೇಕು. ನಿಮ್ಮ 125-150 ವಾಟ್‌ಗೆ 240 ಮಿಲಿಮೀಟರ್ ರೇಡಿಯೇಟರಿನ ಲಿಕ್ವಿಡ್ ಕೂಲರಿಗೂ ಒಳ್ಳೆಯ ಎರಡು ಟವರಿನ ಗಾಳಿ ಕೂಲರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಬಾಳಿಕೆಯಲ್ಲಿ ಮಾತ್ರ ಬಹಳ ವ್ಯತ್ಯಾಸ. ಗಾಳಿ ಕೂಲರಿನ ಫ್ಯಾನ್ ನಿಂತರೆ ಗದಗಿನಲ್ಲೇ ಯಾವುದಾದರೂ 120 ಮಿಲಿಮೀಟರ್ ಫ್ಯಾನ್ ತಂದು ಸಂಜೆಯೊಳಗೆ ಕೆಲಸ ಮುಂದುವರಿಸಬಹುದು. ಲಿಕ್ವಿಡ್ ಕೂಲರಿನ ಪಂಪ್ ನಿಂತರೆ ಮಷಿನ್ ಬಂದ್. ವಾರಂಟಿಗೆ ಕಳಿಸಿ ಕಾಯಬೇಕು, ಅದೂ ಮುಹೂರ್ತದ ದಿನಗಳಲ್ಲಿ. ಗಿರಾಕಿಗೆ ಮಾತು ಕೊಟ್ಟ ಮಷಿನ್‌ನಲ್ಲಿ ನಾನು ಅದನ್ನು ಹಾಕುವುದಿಲ್ಲ.

ಇನ್ನೂ ಒಂದು ವಿಷಯವನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಟವರ್ ಕೂಲರಿನ ಫ್ಯಾನಿನಿಂದ ಸೋರುವ ಗಾಳಿ ಸಾಕೆಟ್ಟಿನ ಸುತ್ತಲಿನ ವಿಆರ್‌ಎಂ (ಪ್ರೊಸೆಸರಿಗೆ ವೋಲ್ಟೇಜ್ ಇಳಿಸಿ ಕೊಡುವ ಭಾಗ) ಮೇಲೂ ಹಾಯುತ್ತದೆ. ಲಿಕ್ವಿಡ್ ಕೂಲರ್ ಹಾಕಿದರೆ ಅಲ್ಲಿ ಗಾಳಿಯೇ ಇಲ್ಲ. ಪ್ರೊಸೆಸರ್ ತಣ್ಣಗಾಗಿ ಬೋರ್ಡ್ ಕಾಯುತ್ತದೆ.

ವಿಆರ್‌ಎಂ ಅಂದೆ. ಬೋರ್ಡ್ ಆಯ್ಕೆಯ ಮಾತು ಅಲ್ಲಿಂದಲೇ ಆರಂಭವಾಗಬೇಕು. ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನ ಪವರ್ ಸಪ್ಲೈ) ಬೋರ್ಡಿಗೆ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು 1.2 ವೋಲ್ಟ್. ಆ ಇಳಿಸುವ ಕೆಲಸ ಮಾಡುವುದು ಸಾಕೆಟ್ ಪಕ್ಕದ ಮಾಸ್‌ಫೆಟ್, ಕಾಯಿಲ್, ಕೆಪಾಸಿಟರುಗಳ ಸಾಲು. 125 ವಾಟ್‌ಗೆ 1.2 ವೋಲ್ಟ್ ಅಂದರೆ ನೂರಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ. ನಿಮ್ಮ ಇಡೀ ಮನೆಗೆ ಮೀಟರಿನಿಂದ ಬರುವ ಕರೆಂಟು ಇದರ ಹತ್ತಿರವೂ ಸುಳಿಯುವುದಿಲ್ಲ. ವೋಲ್ಟ್ ಕಡಿಮೆ ಇರುವುದರಿಂದ ಅಪಾಯವಿಲ್ಲ, ಆದರೆ ಅಷ್ಟು ಆಂಪಿಯರ್ ದಾಟಿಸುವಾಗ ಆ ಭಾಗಗಳು ಕಾಯುತ್ತವೆ. ಅಗ್ಗದ ಬೋರ್ಡ್‌ನಲ್ಲಿ ಮಾಸ್‌ಫೆಟ್‌ಗಳ ಮೇಲೆ ಹೀಟ್‌ಸಿಂಕ್ ಇರುವುದಿಲ್ಲ, ಇದ್ದರೂ ಒಂದೇ ಸಾಲಿಗೆ. ಬೋರ್ಡಿನ ಬಣ್ಣ, ಲೈಟು, ಗೇಮಿಂಗ್ ಎಂಬ ಹೆಸರು ಇವನ್ನೆಲ್ಲ ಬಿಟ್ಟು ಮೊದಲು ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಗಟ್ಟಿ ಹೀಟ್‌ಸಿಂಕ್ ಇದೆಯೇ, ಎಂಟು ಪಿನ್ನಿನ ಸಿಪಿಯು ಪವರ್ ಸಾಕೆಟ್ ಇದೆಯೇ ನೋಡಿ.

ನಿಮ್ಮ ವೇಗ ಇಳಿಯುವುದು ಪ್ರೊಸೆಸರಿನ ಬಿಸಿಗೋ ವಿಆರ್‌ಎಂ ಬಿಸಿಗೋ ತಿಳಿಯಲು ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಸೆನ್ಸರ್ ಪಟ್ಟಿಯಲ್ಲಿ ಪರ್ಫಾರ್ಮೆನ್ಸ್ ಲಿಮಿಟ್ ರೀಸನ್ಸ್ ಎಂಬ ಭಾಗವಿದೆ. ಎಕ್ಸ್‌ಪೋರ್ಟ್ ನಡೆಯುವಾಗ ಅಲ್ಲಿ ಥರ್ಮಲ್ ಎದುರು "ಯೆಸ್" ಬಂದರೆ ಪ್ರೊಸೆಸರ್ ಕಾದಿದೆ, ವಿಆರ್ ಥರ್ಮಲ್ ಎದುರು ಬಂದರೆ ಬೋರ್ಡ್ ಕಾದಿದೆ, ಪಿಎಲ್1 ಅಥವಾ ಪಿಎಲ್2 ಎದುರು ಬಂದರೆ ವಿದ್ಯುತ್ ಮಿತಿ ತಾಗಿದೆ, ಅದು ಸಹಜ. ನಿಮ್ಮದರಲ್ಲಿ ಮೊದಲನೆಯದೇ ಬರುತ್ತದೆ ಎಂದು ನನ್ನ ಅಂದಾಜು. ಎರಡನೆಯದು ಬಂದರೆ ಮಾತ್ರ ಬೋರ್ಡ್ ಬದಲಿಸುವ ಮಾತಿಗೆ ಅರ್ಥ ಬರುತ್ತದೆ. ಆಗಲೂ ಮೊದಲು ವಿಆರ್‌ಎಂ ಕಡೆ ಒಂದು ಫ್ಯಾನ್ ತಿರುಗಿಸಿ ನೋಡಿ.

ಇನ್ನು ಆ ಆಪ್ಶನ್ ಯಾಕಿಲ್ಲ ಎಂಬ ಪ್ರಶ್ನೆ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯ ಕೆ ಅಕ್ಷರ, ಅದರ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) ಬೀಗ ತೆಗೆದಿದೆ ಎಂದು ಹೇಳುತ್ತದೆ. ಆದರೆ ಅದನ್ನು ಬದಲಿಸಲು ಬೋರ್ಡಿನ ಮುಖ್ಯ ಚಿಪ್ಪಾದ ಚಿಪ್‌ಸೆಟ್ಟೂ ಒಪ್ಪಬೇಕು. ನಿಮ್ಮ ಸಾಕೆಟ್‌ನಲ್ಲಿ ಹಾಗೆ ಒಪ್ಪುವುದು ಝಡ್690, ಝಡ್790 ಮಾತ್ರ. ಬಿ660, ಬಿ760ಗಳಲ್ಲಿ ರ‍್ಯಾಮ್ ವೇಗ ಏರಿಸಲು ಬಿಟ್ಟಿದ್ದಾರೆ, ಪ್ರೊಸೆಸರ್‌ಗೆ ಬಿಟ್ಟಿಲ್ಲ. ಎಚ್610ರಲ್ಲಿ ಅದೂ ಇಲ್ಲ. ಬೇರೆ ಕ್ಲಾಕ್ ಜನರೇಟರ್ ಹಚ್ಚಿದ ಒಂದೆರಡು ಬಿ660 ಬೋರ್ಡ್‌ಗಳಲ್ಲಿ ಬಿಸಿಎಲ್‌ಕೆ (ಮೂಲ ಕ್ಲಾಕ್) ಏರಿಸುವ ಅಡ್ಡದಾರಿ ಇತ್ತು. ಹವ್ಯಾಸಕ್ಕೆ ಸರಿ, ದುಡಿಮೆಯ ಮಷಿನ್‌ಗೆ ಬೇಡ.

ಸರಿ, ಝಡ್690 ಹಾಕಿ 5 ಗಿಗಾಹರ್ಟ್ಜ್ ಹತ್ತಿಸಿದಿರಿ ಎಂದೇ ಇಟ್ಟುಕೊಳ್ಳೋಣ. ಸಿಗುವುದೇನು, ಕೊಡುವುದೇನು? 4.5ರಿಂದ 5ಕ್ಕೆ ಹೋದರೆ ವೇಗ ಹೆಚ್ಚುವುದು ನೂರಕ್ಕೆ ಹನ್ನೊಂದು. ಪ್ರೊಸೆಸರ್ ಎಳೆಯುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಮಾತ್ರ ಅದರ ವರ್ಗದಷ್ಟು. 5 ಗಿಗಾಹರ್ಟ್ಜ್ ನಿಲ್ಲಿಸಲು 1.20 ವೋಲ್ಟ್ ಇದ್ದದ್ದನ್ನು 1.33ಕ್ಕೆ ಒಯ್ಯಬೇಕಾಯಿತು ಅಂದುಕೊಳ್ಳಿ. ವೋಲ್ಟೇಜಿನಿಂದ 1.23 ಪಟ್ಟು, ವೇಗದಿಂದ 1.11 ಪಟ್ಟು. ಎರಡೂ ಗುಣಿಸಿದರೆ 1.36 ಪಟ್ಟು. 125 ವಾಟ್ ಇದ್ದದ್ದು 170 ಆಯಿತು. ಈಗಿನ ನಿಮ್ಮ ಕೂಲರ್ 125 ವಾಟ್‌ಗೆ 58 ಡಿಗ್ರಿ ಏರಿಸುತ್ತಿದ್ದರೆ 170ಕ್ಕೆ 79 ಏರಿಸುತ್ತದೆ. 37ಕ್ಕೆ 79 ಕೂಡಿಸಿದರೆ 116. ಅಷ್ಟು ದೂರ ಹೋಗಲು ಚಿಪ್ ಬಿಡುವುದೇ ಇಲ್ಲ, 100ಕ್ಕೆ ನಿಲ್ಲಿಸಿ ವೇಗ ಕಡಿದುಹಾಕುತ್ತದೆ. ಏಪ್ರಿಲ್‌ನಲ್ಲಿ 5 ಗಿಗಾಹರ್ಟ್ಜ್ ಬಯೋಸ್‌ನಲ್ಲಿ ಮಾತ್ರ ಇರುತ್ತದೆ, ಎಕ್ಸ್‌ಪೋರ್ಟ್‌ನಲ್ಲಿ ಇರುವುದಿಲ್ಲ.

ಹೊಸ ಕೂಲರ್ ಹಾಕಿ ಅದನ್ನು ನಿಲ್ಲಿಸಿದಿರಿ ಎಂದುಕೊಂಡರೂ, 40 ನಿಮಿಷದ ಎಕ್ಸ್‌ಪೋರ್ಟ್ ಹೆಚ್ಚೆಂದರೆ 36 ನಿಮಿಷ ಆದೀತು. ಅದೂ ಪೂರ್ತಿ ಪ್ರೊಸೆಸರ್ ಮೇಲೆಯೇ ನಡೆಯುವ ಎಕ್ಸ್‌ಪೋರ್ಟ್ ಆದರೆ. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬಳಸುತ್ತಿದ್ದರೆ ಅಷ್ಟೂ ಇಲ್ಲ. ಆ ನಾಲ್ಕು ನಿಮಿಷಕ್ಕೆ ಬದಲಾಗಿ ನೀವು ತೆಗೆದುಕೊಳ್ಳುವ ಅಪಾಯ ದೊಡ್ಡದು. ಅಸ್ಥಿರ ಓವರ್‌ಕ್ಲಾಕ್ ಯಾವಾಗಲೂ ನೀಲಿ ಸ್ಕ್ರೀನ್ ತೋರಿಸಿ ಎಚ್ಚರಿಸುವುದಿಲ್ಲ. ಸುಮ್ಮನೆ ಒಂದು ಲೆಕ್ಕ ತಪ್ಪುತ್ತದೆ. ಪ್ರಾಜೆಕ್ಟ್ ಫೈಲ್ ತೆರೆಯದಂತಾಗುತ್ತದೆ, ಇಲ್ಲವೆ ಎರಡೂವರೆ ಗಂಟೆಯ ವಿಡಿಯೊದ ನಡುವೆ ಎಲ್ಲೋ ಹಸಿರು ಪಟ್ಟಿ ಮೂಡುತ್ತದೆ, ಅದನ್ನು ಹುಡುಗಿಯ ಮನೆಯವರು ಟಿವಿಯಲ್ಲಿ ಹಾಕಿದಾಗ ಕಾಣುತ್ತಾರೆ. ಅಕ್ಕಿಕಾಳು ಬೀಳುವ ಆ ಕ್ಷಣವನ್ನು ಮತ್ತೆ ಶೂಟ್ ಮಾಡಲು ಬರುವುದಿಲ್ಲ.

ಹಾಗಾಗಿ ನಿಮಗೆ ನಾನು ಹೇಳುವುದು ತಿರುಗುಮುರುಗಿನ ಕೆಲಸ. ಬಯೋಸ್‌ನಲ್ಲಿ ಪಿಎಲ್1, ಪಿಎಲ್2 ಎರಡನ್ನೂ 125 ವಾಟ್‌ಗೆ ಕಟ್ಟಿ. ಬಿ660ರಲ್ಲೂ ಇದಕ್ಕೆ ಅವಕಾಶವಿದೆ. ಎಷ್ಟೋ ಬೋರ್ಡ್‌ಗಳು ಕಾರ್ಖಾನೆಯಿಂದಲೇ ಈ ಮಿತಿಯನ್ನು ತೆಗೆದುಹಾಕಿ ಬರುತ್ತವೆ, ಪರೀಕ್ಷೆಗಳಲ್ಲಿ ಒಂದು ಹೆಜ್ಜೆ ಮುಂದೆ ಕಾಣಲಿ ಅಂತ. ಆಮೇಲೆ ವೋಲ್ಟೇಜ್ ಸ್ವಲ್ಪ ಇಳಿಸಲು ಬರುತ್ತದೆಯೇ ನೋಡಿ. ಕೆಲವು ಬಿ660 ಬೋರ್ಡ್‌ಗಳಲ್ಲಿ ವೋಲ್ಟೇಜ್ ಆಫ್‌ಸೆಟ್ ಸಿಗುತ್ತದೆ, ಕೆಲವದರಲ್ಲಿ ಎಸಿ ಲೋಡ್‌ಲೈನ್ (ವೋಲ್ಟೇಜನ್ನು ಪರೋಕ್ಷವಾಗಿ ಇಳಿಸುವ ಸೆಟ್ಟಿಂಗ್) ಮಾತ್ರ ಸಿಗುತ್ತದೆ. ಎಂಎಸ್‌ಐ ಬೋರ್ಡ್‌ಗಳಲ್ಲಿ ಅದು ಲೈಟ್ ಲೋಡ್ ಎಂಬ ಹೆಸರಿನಲ್ಲಿರುತ್ತದೆ. ಒಂದೊಂದೇ ಮೆಟ್ಟಿಲು ಇಳಿಸಿ, ಪ್ರತಿ ಸಲ ಸಿನೆಬೆಂಚ್ ಎಂಬ ವೇಗ ಪರೀಕ್ಷೆ ಓಡಿಸಿ ಅಂಕ ನೋಡಿ. ಅಂಕ ಕಡಿಮೆಯಾದರೆ, ಇಲ್ಲವೆ ಎಚ್‌ಡಬ್ಲ್ಯೂಇನ್ಫೊದಲ್ಲಿ ಡಬ್ಲ್ಯೂಎಚ್‌ಇಎ (ಹಾರ್ಡ್‌ವೇರ್) ದೋಷ ಕಾಣಿಸಿದರೆ ಒಂದಲ್ಲ, ಎರಡು ಮೆಟ್ಟಿಲು ಹಿಂದಕ್ಕೆ ಬನ್ನಿ. ಮುಹೂರ್ತದ ಕೆಲಸ ಕೈಯಲ್ಲಿರುವಾಗ ಇದನ್ನು ಮಾಡಬೇಡಿ, ಆಷಾಢದಲ್ಲಿ ಮಾಡಿ.

ಸರಿಯಾಗಿ ಕೂತ ಕೂಲರ್ 125 ವಾಟ್‌ಗೆ 45 ಡಿಗ್ರಿ ಏರಿಸಿದರೆ ಏಪ್ರಿಲ್‌ನಲ್ಲೂ 82ಕ್ಕೆ ನಿಲ್ಲುತ್ತದೆ. 4.5 ಗಿಗಾಹರ್ಟ್ಜ್ ಕೊನೆಯವರೆಗೂ ಉಳಿಯುತ್ತದೆ. ಈಗ ನಿಮಗೆ ಸಿಗುತ್ತಿರುವ 3.8ರ ಎದುರು ಅದು ನೂರಕ್ಕೆ ಹದಿನೆಂಟು ಹೆಚ್ಚು, ಅಂಗಡಿಯವರು ಹೇಳಿದ ಓವರ್‌ಕ್ಲಾಕ್ ಕೊಡುವುದಕ್ಕಿಂತ ಜಾಸ್ತಿ.

ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟದಲ್ಲಿ ಸ್ಪೀಡ್ ಎಷ್ಟಿದೆ ನೋಡಿ. 3200ರ ರ‍್ಯಾಮ್ ಕೊಂಡು 2133ಕ್ಕೋ 2666ಕ್ಕೋ ಓಡಿಸುತ್ತಿರುವವರು ಬಹಳ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಕೊಂಡ ವೇಗಕ್ಕೇ ಓಡಿಸುವ ಸೆಟ್ಟಿಂಗ್) ಆನ್ ಮಾಡಿದರೆ ಆಯಿತು. ನಿಮ್ಮ ಪ್ರೊಸೆಸರ್ ಡಿಡಿಆರ್4-3200ಕ್ಕೆ ಅಧಿಕೃತವಾಗಿಯೇ ಒಪ್ಪಿದೆ.

ಈಗ ತಡವರಿಸುವ ಟೈಮ್‌ಲೈನ್. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದು, ಖರ್ಚಿಲ್ಲದೆ ಸರಿಹೋಗುವುದೂ ಇದೇ. ಸೋನಿ ಕ್ಯಾಮೆರಾಗಳ 10 ಬಿಟ್ ಫೈಲ್ ಸಾಮಾನ್ಯವಾಗಿ 4:2:2 ಬಗೆಯದು, ಅಂದರೆ ಬಣ್ಣದ ಮಾಹಿತಿ ಹೆಚ್ಚಿರುವಂಥದ್ದು. ಆರ್‌ಟಿಎಕ್ಸ್ 3060 ಕಾರ್ಡಿಗೆ 4:2:2 ಬಿಡಿಸಲು (ಡಿಕೋಡ್ ಮಾಡಲು) ಬರುವುದಿಲ್ಲ. ಎನ್ವಿಡಿಯಾ ಅದನ್ನು ಸೇರಿಸಿದ್ದು 50 ಸರಣಿಯಲ್ಲಿ. ಹಾಗಾಗಿ ಇಡೀ ಭಾರ ಪ್ರೊಸೆಸರಿನ ಕೋರುಗಳ ಮೇಲೆ ಬೀಳುತ್ತದೆ, ಅದೇ ಕಾರಣಕ್ಕೆ ಅದು ಇನ್ನೂ ಕಾಯುತ್ತದೆ. ಆದರೆ ನಿಮ್ಮ 12600ಕೆಯ ಒಳಗೆ ಯುಎಚ್‌ಡಿ 770 ಎಂಬ ಸಣ್ಣ ಗ್ರಾಫಿಕ್ಸ್ ಕೂತಿದೆ. ಅದರ ಕ್ವಿಕ್ ಸಿಂಕ್ ಭಾಗ ಎಚ್.265 (ವಿಡಿಯೊ ಕುಗ್ಗಿಸುವ ಒಂದು ವಿಧಾನ) ಬಗೆಯ 10 ಬಿಟ್ 4:2:2 ಫೈಲನ್ನು ನೀರು ಕುಡಿದಷ್ಟು ಸಲೀಸಾಗಿ ಬಿಡಿಸುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಕೂಡಲೇ ಬಹಳಷ್ಟು ಬೋರ್ಡ್‌ಗಳು ಅದನ್ನು ತಾವಾಗಿಯೇ ಮಲಗಿಸಿಬಿಡುತ್ತವೆ.

ಎಬ್ಬಿಸುವುದು ಹೀಗೆ. ಬಯೋಸ್‌ನಲ್ಲಿ ಐಜಿಪಿಯು ಮಲ್ಟಿ ಮಾನಿಟರ್ ಎಂಬುದನ್ನು ಎನೇಬಲ್ ಮಾಡಿ. ವಿಂಡೋಸ್‌ಗೆ ಬಂದು ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಪ್ರೀಮಿಯರ್ ಬಳಸುತ್ತಿದ್ದರೆ ಪ್ರಿಫರೆನ್ಸಸ್ ಒಳಗೆ ಮೀಡಿಯಾ ವಿಭಾಗದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಎದುರು ಇಂಟೆಲ್‌ಗೆ ಟಿಕ್ ಹಾಕಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಟೈಮ್‌ಲೈನ್ ಓಡಿಸುತ್ತಾ ಟಾಸ್ಕ್ ಮ್ಯಾನೇಜರಿನಲ್ಲಿ ಇಂಟೆಲ್ ಜಿಪಿಯು ಪುಟದ ವಿಡಿಯೊ ಡಿಕೋಡ್ ಗೆರೆ ಏರಿದರೆ ಕೆಲಸ ಆಯಿತು. ಮಾನಿಟರ್ ಕೇಬಲ್ 3060ರಲ್ಲೇ ಇರಲಿ, ಬದಲಿಸಬೇಕಿಲ್ಲ.

ಒಂದು ಎಚ್ಚರಿಕೆ. ಈ ಅನುಕೂಲ ಎಚ್.265ಗೆ ಮಾತ್ರ. ಸೋನಿಯಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಅಂದರೆ ಎಚ್.265, ಎಕ್ಸ್‌ಎವಿಸಿ ಎಸ್ ಅಂದರೆ ಎಚ್.264. ಎಚ್.264ನ 10 ಬಿಟ್ 4:2:2 ಫೈಲನ್ನು ನಿಮ್ಮ ಕ್ವಿಕ್ ಸಿಂಕ್ ಬಿಡಿಸಲಾರದು. ಕ್ಯಾಮೆರಾದಲ್ಲಿ ಎಚ್‌ಎಸ್ ಇದ್ದರೆ ಅದರಲ್ಲಿ ಶೂಟ್ ಮಾಡಿ, ಇಲ್ಲವಾದರೆ ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್) ಮಾಡಿಕೊಂಡು ಎಡಿಟ್ ಮಾಡಿ. ಇಂಟೆಲ್‌ನ ಕೆಎಫ್ ಮಾದರಿಗಳು ಒಂದಿಷ್ಟು ಅಗ್ಗಕ್ಕೆ ಸಿಗುತ್ತವೆ, ಅವುಗಳಲ್ಲಿ ಈ ಗ್ರಾಫಿಕ್ಸ್ ಇರುವುದೇ ಇಲ್ಲ. ವಿಡಿಯೊ ಕೆಲಸದವರು ಆ ಎಫ್ ಅಕ್ಷರವನ್ನು ನೋಡಿಕೊಂಡು ಕೊಳ್ಳಬೇಕು.

ಯುಪಿಎಸ್ ಲೆಕ್ಕ ಸರಳ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್. ಪ್ರೊಸೆಸರ್ 125, 3060 ಕಾರ್ಡ್ 170, ಉಳಿದದ್ದೆಲ್ಲ ಸೇರಿ 50, ಒಟ್ಟು 345. ಎಸ್‌ಎಂಪಿಎಸ್ ಒಳಗೆ ಒಂದಷ್ಟು ಸೋರುತ್ತದೆ, ಗೋಡೆಯಿಂದ ಎಳೆಯುವುದು 390ರ ಆಚೆ. ಮಾನಿಟರ್ ಬೇರೆ. ಎರಡೂ ಒಟ್ಟಿಗೆ ಪೂರ್ತಿ ದುಡಿದ ಗಳಿಗೆಯಲ್ಲಿ ಕರೆಂಟ್ ಹೋದರೆ ಯುಪಿಎಸ್ ಕೈಬಿಡುವುದು ಖಂಡಿತ. ಓವರ್‌ಕ್ಲಾಕ್ ಮಾಡಿದರೆ ಇನ್ನೂ 45 ವಾಟ್ ಸೇರುತ್ತದೆ. 1000 ಅಥವಾ 1100 ವಿಎಯದು, 600 ವಾಟ್ ಕೊಡುವಂಥದ್ದು ತನ್ನಿ. 32 ಸಾವಿರದಲ್ಲಿ ನಿಜವಾಗಿ ಮೊದಲು ಖರ್ಚಾಗಬೇಕಾದದ್ದು ಇದಕ್ಕೆ, ಆಮೇಲೆ ಕೂಲರಿಗೆ, ಬೇಕಾದರೆ ಕ್ಯಾಬಿನೆಟ್‌ಗೆ. ಎಲ್ಲ ಸೇರಿದರೂ ಅರ್ಧಕ್ಕಿಂತ ಹೆಚ್ಚು ಉಳಿಯಬಹುದು.

ಕೋಣೆಯ ತಂಪಿನ ಬಗ್ಗೆಯೂ ಒಂದು ಮಾತು. ಗದಗಿನ ಬೇಸಿಗೆ ಒಣ, ಹಾಗಾಗಿ ನೀರಿನ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಣೆ ಐದು ಡಿಗ್ರಿ ಇಳಿದರೆ ಪ್ರೊಸೆಸರೂ ಐದು ಡಿಗ್ರಿ ಇಳಿಯುತ್ತದೆ. ಅದರ ಗಾಳಿ ನೇರ ಮಷಿನ್‌ಗೆ ಬಡಿಯದಂತೆ ದೂರ ಇಟ್ಟು ಕಿಟಕಿ ತೆರೆದಿಡಿ.

ಕೊನೆಗೆ, ಮುಂದೆ ಯಾವಾಗಲಾದರೂ ಮಷಿನ್ ಬದಲಿಸುವುದಿದ್ದರೆ. ನಿಮ್ಮ ಬಿ660 ಬೋರ್ಡ್‌ಗೆ ಬಯೋಸ್ ಅಪ್‌ಡೇಟ್ ಮಾಡಿ 13, 14ನೇ ಜನರೇಶನ್ ಪ್ರೊಸೆಸರ್ ಹಾಕಬಹುದು. ಆದರೆ ಆ ಎರಡು ಜನರೇಶನ್‌ಗಳ ಮೇಲ್ದರ್ಜೆಯ ಚಿಪ್‌ಗಳು ಅತಿ ವೋಲ್ಟೇಜಿನಿಂದ ಕಾಲಕ್ರಮೇಣ ಅಸ್ಥಿರವಾಗುತ್ತಿದ್ದವು ಎಂದು ಇಂಟೆಲ್ ತಾನೇ 2024ರಲ್ಲಿ ಒಪ್ಪಿಕೊಂಡು, ಮೈಕ್ರೊಕೋಡ್ (ಚಿಪ್ ಒಳಗಿನ ತಂತ್ರಾಂಶ) ತಿದ್ದುಪಡಿ ಬಿಟ್ಟು, ಬಾಕ್ಸ್ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಸೆಕೆಂಡ್ ಹ್ಯಾಂಡ್ ಬೇಡ. ಹೊಸದಾದರೆ ಮೊದಲು ಬಯೋಸನ್ನು ಇತ್ತೀಚಿನ ಆವೃತ್ತಿಗೆ ತಂದು ಆಮೇಲೆ ಚಿಪ್ ಹಾಕಿ. ನಿಮ್ಮ 12ನೇ ಜನರೇಶನ್‌ಗೆ ಈ ಕಾಟ ಇಲ್ಲ. ಇಂಟೆಲ್ ಬಿಟ್ಟು ಎಎಂಡಿ ಪ್ರೊಸೆಸರ್ ಕಡೆ ಹೋದರೆ ಬಿ650 ಬೋರ್ಡ್‌ನಲ್ಲೇ ಓವರ್‌ಕ್ಲಾಕ್ ಬಿಟ್ಟಿದ್ದಾರೆ, ದುಬಾರಿ ಎಕ್ಸ್ ಸರಣಿ ಬೇಕಿಲ್ಲ, ಎ620 ಮಾತ್ರ ಬೇಡ. ರ‍್ಯಾಮ್ ಡಿಡಿಆರ್5 ಹೊಸದಾಗಿ ಕೊಳ್ಳಬೇಕು. ರೈಜೆನ್ 7600ಎಕ್ಸ್ 95 ಡಿಗ್ರಿಗೆ ಹೋಗಿ ನಿಂತರೆ ಗಾಬರಿಯಾಗಬೇಡಿ, ಅದನ್ನು ಹಾಗೆ ಓಡಲೆಂದೇ ಮಾಡಿದ್ದಾರೆ. ಬಯೋಸ್‌ನಲ್ಲಿ ವಿದ್ಯುತ್ ಕಡಿಮೆ ಎಳೆಯುವ ಇಕೊ ಮೋಡ್‌ಗೆ ಹಾಕಿದರೆ ನಮ್ಮ ಬೇಸಿಗೆಗೆ ಹೊಂದುತ್ತದೆ. ಆದರೆ ರೈಜೆನ್ 7000ದ ಒಳಗಿನ ಗ್ರಾಫಿಕ್ಸ್ ನಿಮ್ಮ 4:2:2 ಫೈಲ್‌ಗಳನ್ನು ಬಿಡಿಸುವುದಿಲ್ಲ. ಈಗಿನ ಕ್ಯಾಮೆರಾ, ಈಗಿನ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡೇ ಇರುವಷ್ಟು ದಿನ ನೀವು ಇಂಟೆಲ್ ಬಿಡದಿರುವುದು ಒಳ್ಳೆಯದು.

ಕೂಲರ್ ಎತ್ತಿದಾಗ ಪೇಸ್ಟ್ ಗುರುತಿನ ಫೋಟೊ ಒಂದು, ಎಕ್ಸ್‌ಪೋರ್ಟ್ ನಡೆಯುವಾಗ ಎಚ್‌ಡಬ್ಲ್ಯೂಇನ್ಫೊ ಪರದೆಯ ಫೋಟೊ ಒಂದು, ಜೊತೆಗೆ ಬೋರ್ಡಿನ ಪೂರ್ತಿ ಮಾಡೆಲ್ ಹೆಸರು ಬರೆದು ಕಳಿಸಿ. ವೋಲ್ಟೇಜ್ ಎಲ್ಲಿ, ಎಷ್ಟು ಇಳಿಸಬಹುದು ಎಂಬುದನ್ನು ಆ ಬೋರ್ಡಿಗೆ ತಕ್ಕಂತೆ ಬರೆಯುತ್ತೇನೆ.